ಐಸಿಯುನಲ್ಲಿ ಅಪಾಚೆ ಅಷ್ಟೋತ್ತರ

ನಮ್ಮ ಅಕ್ಕನ ಮಗಳು ಅನಸ್ತೇಶಿಯಾದಲ್ಲಿ, ಅಂದರೆ ಅರಿವಳಿಕೆ ವಿಭಾಗದಲ್ಲಿ, ಎಂಡಿ ಮಾಡುತ್ತಿದ್ದಾಳೆ. ಈಗ ಐಸಿಯು ಪೋಸ್ಟಿಂಗ್. ಈಚೆಗೆ ಒಂದು ರಾತ್ರಿ ಊಟದ ಡಬ್ಬಿ ಕೊಡಲು ಹೋದೆ. ಡ್ಯೂಟಿ ರೂಮಿನಲ್ಲಿ ಕೈಯಲ್ಲಿ ಅರ್ಧ ತಿಂದ ಬನ್ನು, ಎದುರಿಗೆ ಮೊಬೈಲು. ಅದರಲ್ಲಿ ಯಾರೋ ಮೇಷ್ಟ್ರು ಒಂದೂವರೆ ಪಟ್ಟು ವೇಗದಲ್ಲಿ ಪಾಠ ಮಾಡುತ್ತಿದ್ದರು.

‘ಏನೇ ಇದು?’ ಅಂದೆ.

‘ರಿಸರ್ಚ್ ಟ್ರೈನಿಂಗ್ ಮಾವ.’

ಅಷ್ಟರಲ್ಲಿ ಒಳಗೆ ವೆಂಟಿಲೇಟರ್ ಕೂಗಿತು. ಎದ್ದು ಓಡಿದಳು. ಮೇಷ್ಟ್ರು ಮಾತ್ರ ನಿಲ್ಲಲಿಲ್ಲ. ಬನ್ನಿಗೇ ಸ್ಯಾಂಪಲ್ ಸೈಜ್ ವಿವರಿಸುತ್ತಾ ಕೂತರು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮ ಇದು. ಪಿಜಿ ಓದುವ ಡಾಕ್ಟರುಗಳು ಸಂಶೋಧನೆಯ ಆನ್‌ಲೈನ್ ಕೋರ್ಸ್ ಮುಗಿಸಲೇಬೇಕು, ಥೀಸಿಸ್ ಬರೆಯಲೇಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಕೋರ್ಸು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ (ಎನ್‌ಐಇ)ಯವರದು. ಸುಳ್ಳು ಹೇಳಬಾರದು, ಅವರು ಚೆನ್ನಾಗೇ ಹೇಳಿಕೊಡುತ್ತಾರೆ. ಕೇಳಲು ಹೊತ್ತು ಕೊಡುವುದನ್ನು ಮಾತ್ರ ಎಲ್ಲರೂ ಮರೆತಿದ್ದಾರೆ. ಹಾಗಾಗಿ ಅದು ಸತ್ಯನಾರಾಯಣ ಪೂಜೆಯ ಕಥೆಯಂತೆ ನಡೆಯುತ್ತದೆ. ಪುರೋಹಿತರು ಓದುತ್ತಿರುತ್ತಾರೆ, ನಮ್ಮ ಕಣ್ಣು ಸಪಾದದ ಮೇಲಿರುತ್ತದೆ. ಇಲ್ಲಿ ಸಪಾದ ಅಂದರೆ ಸರ್ಟಿಫಿಕೇಟು.

ಹೊತ್ತಿನ ವಿಷಯ ಬಂತಲ್ಲ, 1992ರಷ್ಟು ಹಿಂದೆಯೇ ಇಂಥ ಡಾಕ್ಟರುಗಳಿಗೆ ಕೇಂದ್ರ ಮಾಡಿದ ರೆಸಿಡೆನ್ಸಿ ಯೋಜನೆ ವಾರಕ್ಕೆ 48 ಗಂಟೆ ಕೆಲಸ ಸಾಕು ಅಂದಿದೆ. ನಮ್ಮ ಹುಡುಗಿಯ 48 ಗಂಟೆ ಬುಧವಾರ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಉಳಿದದ್ದು ಬಹುಶಃ ಹವ್ಯಾಸ.

ಇನ್ನು ಥೀಸಿಸ್. ಇವಳಿಗೆ ನಿಜವಾಗಿಯೂ ಒಂದು ಪ್ರಶ್ನೆ ಹುಟ್ಟಿತ್ತು. ಬೆಳೆಗೆ ಹೊಡೆಯುವ ಔಷಧಿ ಕುಡಿದವರು ಐಸಿಯುಗೆ ಬರುತ್ತಲೇ ಇರುತ್ತಾರೆ. ಕೆಲವರ ಮನೆಯವರು ಡಬ್ಬಿಯನ್ನೂ ಹಿಡಿದು ಬರುತ್ತಾರೆ. ಕೆಲವರು ಮಾನಕ್ಕೆ ಅಂಜಿ ಅದನ್ನು ಬಾವಿಗೆ ಎಸೆದು ಬರುತ್ತಾರೆ. ಡಬ್ಬಿ ಬಂದರೆ ಕುಡಿದದ್ದೇನು ಅಂತ ಗೊತ್ತಾಗುತ್ತದೆ. ಹಾಗೆ ಡಬ್ಬಿ ಬಂದವರು ವೆಂಟಿಲೇಟರ್‌ನಿಂದ ಬೇಗ ಹೊರಬರುತ್ತಾರಾ? ನನಗಂತೂ ರೋಮಾಂಚನವಾಯಿತು. ಗೈಡ್ ಹತ್ತಿರ ಹೋದಳು.

‘ಒಳ್ಳೇ ಪ್ರಶ್ನೆ ಕಣಮ್ಮ. ಆದರೆ ಹದಿನೈದು ದಿನದಲ್ಲಿ ಸಿನಾಪ್ಸಿಸ್, ಥೀಸಿಸ್‌ನ ರೂಪುರೇಷೆ, ಕೊಡಬೇಕು. ಸೀನಿಯರ್‌ದು ಇದೆಯಲ್ಲ, ನೋಡ್ಕೋ.’

ಸೀನಿಯರ್‌ದು ‘ಅಪಾಚೆ ಟೂ ಮತ್ತು ಸೋಫಾ ಅಂಕಗಳ ಹೋಲಿಕೆ’. ಅಪಾಚೆ ಬೈಕಲ್ಲ, ಸೋಫಾ ಕೂರೋಕಲ್ಲ. ಎರಡೂ ರೋಗಿಯ ಸ್ಥಿತಿ ಎಷ್ಟು ಗಂಭೀರ ಅಂತ ಅಳೆಯುವ ಲೆಕ್ಕಗಳು. ಅಪಾಚೆ ಟೂ ಅಮೆರಿಕದಲ್ಲಿ 13 ಆಸ್ಪತ್ರೆಗಳ ರೋಗಿಗಳನ್ನು ನೋಡಿ 1985ರಲ್ಲಿ ಬಂದದ್ದು. ಸೋಫಾ 1996ರದು. ಅಂದಿನಿಂದ ಇವೆರಡನ್ನೂ ಅಕ್ಕಪಕ್ಕ ಕೂರಿಸಿ ಜಾತಕ ನೋಡುತ್ತಲೇ ಇದ್ದೇವೆ. ಸೀನಿಯರ್ ಅದನ್ನು ತನ್ನ ಸೀನಿಯರ್‌ನಿಂದ ಪಡೆದಿದ್ದನಂತೆ. ಮಂತ್ರೋಪದೇಶವೂ ಹೀಗೇ ಅಲ್ವಾ? ಫೈಲಿನ ಹೆಸರು ‘ಫೈನಲ್ ಫೈನಲ್ 3’. ಒಳಗೆ ಪುಟದಡಿಯಲ್ಲಿ ಬೇರೆ ಯಾವುದೋ ಕಾಲೇಜಿನ ಹೆಸರು ಇನ್ನೂ ಉಳಿದಿತ್ತು. ಅದನ್ನು ಅಳಿಸಿದ್ದೇ ಈ ಬ್ಯಾಚಿನ ಹೊಸ ಕೊಡುಗೆ.

ಆದರೂ ಹುಡುಗಿ ಬಿಡಲಿಲ್ಲ. ಸ್ಟೆರೈಲ್ ಗ್ಲೌಸ್ ಸುತ್ತಿ ಬರುವ ಬಿಳಿ ಕಾಗದ ಇರುತ್ತಲ್ಲ, ಐಸಿಯು ಡಾಕ್ಟರುಗಳ ನೋಟ್‌ಬುಕ್ಕೇ ಅದು. ಅದರಲ್ಲಿ ಮೂರು ತಿಂಗಳಿಂದ ಸುಮ್ನೆ ಬರೆದಿಡುತ್ತಿದ್ದಳು. ಬೆಡ್ ನಂಬರ್, ಡಬ್ಬಿ ಬಂತಾ ಇಲ್ಲವಾ, ವಿಷಕ್ಕೆ ಕೊಡುವ ಮದ್ದು ಅಟ್ರೊಪಿನ್ ಎಷ್ಟು, ವೆಂಟಿಲೇಟರ್ ಎಷ್ಟು ದಿನ. ಯಾರೂ ಕೇಳಿರಲಿಲ್ಲ, ಯಾರೂ ಸರ್ಟಿಫಿಕೇಟ್ ಕೊಡುವಂತಿರಲಿಲ್ಲ.

ಕಳೆದ ಭಾನುವಾರ ಕೋರ್ಸಿನ ಸರ್ಟಿಫಿಕೇಟ್ ಬಂತು. ಅಕ್ಕ ಲ್ಯಾಮಿನೇಟ್ ಮಾಡಿಸಿ ಶೋಕೇಸಿನಲ್ಲಿಟ್ಟಳು. ಮಗಳು ಮಲಗಿದ್ದಾಳೆ, ಎಬ್ಬಿಸೋದು ಬೇಡ ಅಂತ ಅದೇ ಖುಷಿಯಲ್ಲಿ ಅವಳ ಏಪ್ರನ್‌ಗಳನ್ನೂ ನೆನೆಹಾಕಿದಳು. ಜೇಬು ನೋಡಲಿಲ್ಲ. ಸಂಜೆ ನಾನು ಹೋದಾಗ ಹುಡುಗಿ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತು, ನೊರೆಯಿಂದ ಬಿಳಿ ಮುದ್ದೆಗಳನ್ನು ಒಂದೊಂದಾಗಿ ಎತ್ತಿ ಬಿಡಿಸುತ್ತಿದ್ದಳು.