ದಿನಕ್ಕೆ 27 ಗಂಟೆ ಮಂಜೂರು ಮಾಡಿ

2022ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಒಬ್ಬ ಫ್ಯಾಮಿಲಿ ಡಾಕ್ಟರ ಪಟ್ಟಿಯಲ್ಲಿ 2500 ವಯಸ್ಕರಿದ್ದಾರೆ ಎಂದುಕೊಳ್ಳಿ. ಮಾರ್ಗಸೂಚಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುವುದಾದರೆ ಅವರಿಗೆ ದಿನಕ್ಕೆ ಎಷ್ಟು ಹೊತ್ತು ಬೇಕು? ಕಾಯಿಲೆ ಬರುವ ಮುನ್ನವೇ ಮಾಡಬೇಕಾದ ತಪಾಸಣೆ, ಬುದ್ಧಿಮಾತಿಗೆ 14.1 ಗಂಟೆ. ಬಿಪಿ, ಶುಗರ್‌ನಂಥ ಬಂದಮೇಲೆ ಬಿಡದ ಕಾಯಿಲೆಗಳಿಗೆ 7.2. ಜ್ವರ, ಕೆಮ್ಮು, ಹೊಟ್ಟೆನೋವು ಎಂದು ಬಂದವರಿಗೆ 2.2. ದಾಖಲೆ ಬರೆಯಲು, ಬಂದ ಸಂದೇಶಗಳಿಗೆ ಉತ್ತರಿಸಲು 3.2. ಕೂಡಿಸಿದರೆ 26.7 ಗಂಟೆ.

ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ ಎಂಬುದು ಆರೋಗ್ಯ ಇಲಾಖೆಗಳ ಗಮನಕ್ಕೆ ಬಂದಿಲ್ಲವೆಂದಲ್ಲ. ಅದಕ್ಕೇ ಅಲ್ಲವೇ ನೇಮಕಾತಿ ಜಾಹೀರಾತಿನಲ್ಲಿ 'ಸಮಯ ನಿರ್ವಹಣೆಯ ಕೌಶಲ ಅಪೇಕ್ಷಣೀಯ' ಎಂದು ಹಾಕುವುದು!

ಫ್ಯಾಮಿಲಿ ಡಾಕ್ಟರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂಬ ಗೋಳಿಗೆ ಸರ್ಕಾರಗಳು ಮಾಡದ ಉಪಾಯವಿಲ್ಲ. ದುಡ್ಡು ಕೊಟ್ಟು ನೋಡಿದವು, ಬಾಂಡ್ ಬರೆಸಿಕೊಂಡು ನೋಡಿದವು, ಸಂಖ್ಯೆ ಘೋಷಿಸಿ ನೋಡಿದವು, ಬೇರೆ ದೇಶದ ಡಾಕ್ಟರನ್ನು ಕರೆತಂದು ನೋಡಿದವು. ಕೆಲಸ ಇಳಿಸುವುದೊಂದು ಮಾತ್ರ ಬಾಕಿ. ಅದು ಯಾರಿಗೂ ಒಗ್ಗುವಂತೆ ಕಾಣದ ಕಾರಣ ನಮ್ಮ ಕೋರಿಕೆ ಇಷ್ಟೇ: ದಿನವನ್ನು 27 ಗಂಟೆಗೆ ಏರಿಸಿ ಆದೇಶ ಹೊರಡಿಸಿ. ಮಿಕ್ಕುವ 0.3 ಗಂಟೆಯಲ್ಲಿ, ಅಂದರೆ ಹದಿನೆಂಟು ನಿಮಿಷದಲ್ಲಿ, ಡಾಕ್ಟರು ಊಟ, ನಿದ್ದೆ, ಸಂಸಾರ ಮುಗಿಸಿಕೊಳ್ಳಲಿ.

ದುಡ್ಡಿನ ಉಪಾಯ ಏನಾಯಿತು ನೋಡಿ. ಯಾರೂ ಹೋಗಲೊಲ್ಲದ ಪ್ರದೇಶಗಳಲ್ಲಿ ತರಬೇತಿಗೆ ಸೇರುವ ಡಾಕ್ಟರಿಗೆ 20,000 ಪೌಂಡಿನ ಗಂಟು ಕೊಡಲು ಇಂಗ್ಲೆಂಡ್ 2016ರಲ್ಲಿ ಶುರುಮಾಡಿತು. ಇಂಥ ಗಂಟು ಎಲ್ಲೇ ಆಗಲಿ, ಸಿಗುವುದು ಬಂದದ್ದಕ್ಕೆ, ಉಳಿದದ್ದಕ್ಕಲ್ಲ. ಹೊಸಬರಿಗೆ ಆರತಿ. ಅದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತ ಹಳಬರಿಗೆ, ಹೊಸಬರಿಗೆ ಕೆಲಸ ಕಲಿಸುವ ಹೆಚ್ಚುವರಿ ಹೊಣೆ. ಎರಡು ಸಂಬಳದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟು ಗಣಿತ ಹಳಬರಿಗೂ ಬರುತ್ತದೆ. ಇತ್ತ ಬಾಂಡ್ ಮೂರು ವರ್ಷದ್ದಾದರೆ ಹೊಸಬರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿಟ್ಟಿರುತ್ತಾರೆ. ತೂತು ಬಿಂದಿಗೆಗೆ ನೀರು ಹೊಯ್ಯಲು ಅನುದಾನವುಂಟು. ತೂತು ಮುಚ್ಚಲು ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ.

ನ್ಯೂಜಿಲೆಂಡಿನ ಟೊಕೊರೊವಾ ಎಂಬ ಸಣ್ಣ ಪಟ್ಟಣದಲ್ಲಿ ಡಾಕ್ಟರೊಬ್ಬರು ವರ್ಷಕ್ಕೆ 4 ಲಕ್ಷ ಡಾಲರ್ ವರಮಾನ, ಚಿಕಿತ್ಸಾಲಯದಲ್ಲಿ ಪಾಲು, ರಾತ್ರಿ ಪಾಳಿಯಿಲ್ಲ, ವಾರಾಂತ್ಯದ ಕೆಲಸವಿಲ್ಲ ಎಂದರೂ ಒಬ್ಬ ಜೊತೆಗಾರ ಸಿಗಲಿಲ್ಲ ಎಂಬುದು 2016ರಲ್ಲಿ ಜಗತ್ತಿಗೆಲ್ಲ ಸುದ್ದಿ. ಡಾಕ್ಟರೊಬ್ಬರು ಊರು ಬದಲಿಸಬೇಕಾದರೆ ಅವರ ಗಂಡನಿಗೋ ಹೆಂಡತಿಗೋ ಅಲ್ಲಿ ಕೆಲಸ ಬೇಕು, ಮಕ್ಕಳಿಗೆ ಶಾಲೆ ಬೇಕು, ಅನುಮಾನ ಬಂದಾಗ ಕೇಳಲು ಇನ್ನೊಬ್ಬ ಡಾಕ್ಟರು ಬೇಕು. ಹಳ್ಳಿಗಾಡಿನಲ್ಲಿ ಬೆಳೆದವರನ್ನೇ ಮೆಡಿಕಲ್ ಕಾಲೇಜಿಗೆ ಸೇರಿಸಿ, ಅಂಥ ಊರುಗಳಲ್ಲೇ ಕಲಿಸಿ, ಮನೆ, ಸಲಕರಣೆ, ಸಂಗಡಿಗರನ್ನು ಒದಗಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಬರೆದುಕೊಟ್ಟಿತು. 2021ರಲ್ಲಿ ಪರಿಷ್ಕರಿಸಿ ಮತ್ತೆ ಕೊಟ್ಟಿತು. ಎರಡೂ ಪ್ರತಿಗಳು ಭದ್ರವಾಗಿವೆ.

ಇನ್ನು ಘೋಷಣೆ. 2015ರಲ್ಲಿ ಇಂಗ್ಲೆಂಡಿನ ಆಳುವ ಪಕ್ಷ 2020ರೊಳಗೆ 5000 ಡಾಕ್ಟರು ಹೆಚ್ಚುತ್ತಾರೆ ಎಂದಿತು. ಹೆಚ್ಚಲಿಲ್ಲ. 2019ರಲ್ಲಿ ಅದೇ ಪಕ್ಷ 6000 ಎಂದಿತು. ಹಳೆಯ ಸಾಲ ತೀರದಿದ್ದರೆ ಅಸಲನ್ನೇ ಏರಿಸಿ ಹೊಸ ಪತ್ರ ಬರೆಯುವುದು ಸಾಲಗಾರರಿಗೆ ಗೊತ್ತಿರುವ ವಿದ್ಯೆ. 2021ರ ನವೆಂಬರಿನಲ್ಲಿ ಆರೋಗ್ಯ ಸಚಿವರು, ಅದೂ ಆಗುವ ಹಾಗೆ ಕಾಣುತ್ತಿಲ್ಲ ಎಂದು ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. ಈ ನಡುವೆ ತರಬೇತಿ ಮುಗಿಸಿದ ಡಾಕ್ಟರ ಸಂಖ್ಯೆ ಪೂರ್ಣಾವಧಿ ಲೆಕ್ಕದಲ್ಲಿ ಏರುವುದಿರಲಿ, ಇಳಿದಿತ್ತು. ಅಲ್ಲಿ ಒಬ್ಬ ಡಾಕ್ಟರು ತಯಾರಾಗಲು ಕಾಲೇಜು 5 ವರ್ಷ, ಆಮೇಲಿನ ಬುನಾದಿ ತರಬೇತಿ 2, ಫ್ಯಾಮಿಲಿ ಡಾಕ್ಟರ ತರಬೇತಿ 3, ಒಟ್ಟು 10 ವರ್ಷ. ಚುನಾವಣೆ ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ. ಬಿತ್ತಿದವರೇ ಕೊಯ್ದ ಫೋಟೊ ತೆಗೆಸಿಕೊಳ್ಳಬೇಕೆಂದರೆ ಸಂಖ್ಯೆಯೊಂದನ್ನು ಬಿಟ್ಟು ಬೇರೇನೂ ಬೆಳೆಯುವುದಿಲ್ಲ.

'ಪೂರ್ಣಾವಧಿ ಲೆಕ್ಕ' ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕಣ್ಕಟ್ಟೆಲ್ಲ ನಡೆಯುವುದು ಅಲ್ಲೇ. ಸಚಿವರು ಭಾಷಣದಲ್ಲಿ ತಲೆ ಎಣಿಸುತ್ತಾರೆ. ಟೋಕನ್ ಹಿಡಿದು ಕೂತವರಿಗೆ ಬೇಕಾದದ್ದು ಗಂಟೆ. ಹತ್ತು ಜನ ಪೂರ್ತಿ ವಾರದಿಂದ ಮುಕ್ಕಾಲು ವಾರಕ್ಕೆ ಇಳಿದು, ಇಬ್ಬರು ಹೊಸಬರು ಬಂದು ಅವರೂ ಮುಕ್ಕಾಲೇ ದುಡಿದರೆ, ತಲೆ ಹನ್ನೆರಡು, ಕೆಲಸ ಒಂಬತ್ತು. ಭಾಷಣಕ್ಕೆ 20% ಏರಿಕೆ, ಟೋಕನ್ನಿನವರಿಗೆ 10% ಇಳಿಕೆ. ಹಾಗಂತ ಮುಕ್ಕಾಲು ವಾರದವರನ್ನು ಸೋಮಾರಿಗಳೆನ್ನುವ ಸಂಪಾದಕೀಯಗಳನ್ನು ನಂಬಬೇಡಿ. ವಾರಕ್ಕೆ ಮೂರೇ ದಿನ ಬರುವ 'ಪಾರ್ಟ್ ಟೈಮ್' ಡಾಕ್ಟರು ಆ ಮೂರು ದಿನವೂ ಹನ್ನೆರಡು ಗಂಟೆ ಕೂತರೆ 36 ಗಂಟೆಯಾಯಿತು. ಬೇರೆ ಕಚೇರಿಗಳಲ್ಲಿ ಅದಕ್ಕೆ ಫುಲ್ ಟೈಮ್ ಎನ್ನುತ್ತಾರೆ.

ಆ ಹನ್ನೆರಡು ಗಂಟೆಯಲ್ಲಿ ರೋಗಿಯ ಮುಖ ನೋಡುವುದು ಎಷ್ಟು ಹೊತ್ತು? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಂಪ್ಯೂಟರಿನ ಲಾಗ್ ತೆಗೆದು ನೋಡಿದ 2017ರ ಅಧ್ಯಯನದಲ್ಲಿ, 11.4 ಗಂಟೆಯ ದಿನದಲ್ಲಿ 5.9 ಗಂಟೆ ವಿದ್ಯುನ್ಮಾನ ದಾಖಲೆಗೇ ಹೋಗಿತ್ತು, ಅದರಲ್ಲಿ 1.4 ಗಂಟೆ ಚಿಕಿತ್ಸಾಲಯದ ವೇಳೆ ಮುಗಿದ ಮೇಲೆ. ಲ್ಯಾಬ್ ರಿಪೋರ್ಟು, ಸ್ಪೆಷಲಿಸ್ಟರ ಪತ್ರ, ವಿಮೆಯ ನಮೂನೆ, ಮಾತ್ರೆ ಮುಂದುವರಿಸುವ ಅನುಮತಿ. ಇವಕ್ಕೆಲ್ಲ ಕಲಶವಿಟ್ಟಂತೆ ನೆಗಡಿಯ ಮೆಡಿಕಲ್ ಸರ್ಟಿಫಿಕೇಟು: ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕಾದ ಮನುಷ್ಯ, ಮಲಗಬೇಕಾದವನು ಎಂದು ಸಾಬೀತು ಮಾಡಲು ಎದ್ದು ಬಂದು, ಎರಡು ಗಂಟೆ ಕಾದು, ನಾಲ್ಕು ಜನಕ್ಕೆ ನೆಗಡಿ ಹಂಚಿ ಹೋಗುವ ವ್ಯವಸ್ಥೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ ಇಂಥ ಕಾಗದಕ್ಕೆ ಹೋಗುವ ಗಂಟೆಗಳನ್ನು ಎಣಿಸಿ ನೋಡಿತು. ಸಣ್ಣಪುಟ್ಟ ಗೈರುಹಾಜರಿಗೆ ಮಾಲೀಕರು ಡಾಕ್ಟರ ಚೀಟಿ ಕೇಳುವುದಕ್ಕೆ 2023ರಲ್ಲಿ ಕಾನೂನಿನಿಂದಲೇ ಕಡಿವಾಣ ಹಾಕಿತು. ಇಷ್ಟು ಸರಳವಾದದ್ದನ್ನು ಇನ್ನೂ ಹಲವರು ಅನುಸರಿಸದಿರುವುದಕ್ಕೆ ಕಾರಣವೂ ಸರಳ: ಕಾಗದ ಕಡಿಮೆ ಮಾಡಿದರೆ ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಇರುವುದಿಲ್ಲ.

26.7 ಗಂಟೆಯ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ. ಹೇಳಿದರೆ ನಮ್ಮ ಕೋರಿಕೆ ದುರ್ಬಲವಾಗುತ್ತದೆ, ಆದರೂ ಹೇಳುತ್ತೇವೆ. ನರ್ಸು, ಆಹಾರ ತಜ್ಞರು, ಸಹಾಯಕರು ಎಂದು ಒಂದು ತಂಡ ಕೆಲಸ ಹಂಚಿಕೊಂಡರೆ ಡಾಕ್ಟರ ಪಾಲಿಗೆ ಉಳಿಯುವುದು 9.3 ಗಂಟೆ. ತಂಡದ ಪಾಠವನ್ನು ಇಂಗ್ಲೆಂಡ್ ಬಹಳ ಶ್ರದ್ಧೆಯಿಂದ ಕಲಿಯಿತು. 2019ರಲ್ಲಿ ಹುಟ್ಟಿದ ಯೋಜನೆಯೊಂದು ಚಿಕಿತ್ಸಾಲಯಗಳಿಗೆ ಫಾರ್ಮಸಿಸ್ಟ್, ಫಿಸಿಯೊಥೆರಪಿಸ್ಟ್, ಪ್ಯಾರಾಮೆಡಿಕ್ ಹೀಗೆ ಹಲವು ಬಗೆಯವರನ್ನು ಇಟ್ಟುಕೊಳ್ಳಿ, ಸಂಬಳ ನಮ್ಮದು ಎಂದಿತು. ಜೊತೆಗೊಂದು ಷರತ್ತು, ಆ ದುಡ್ಡಿನಲ್ಲಿ ಡಾಕ್ಟರನ್ನು ನೇಮಿಸುವಂತಿಲ್ಲ. ಬಂದವರೆಲ್ಲ ಒಳ್ಳೆಯವರೇ, ಆದರೆ ಅವರ ಕೆಲಸದ ಉಸ್ತುವಾರಿಗೆ, ಅವರು ಕೇಳುವ ಅನುಮಾನಗಳಿಗೆ ಡಾಕ್ಟರೇ ಬೇಕು. ಕೊನೆಗೆ 2024ರಲ್ಲಿ ಕಂಡ ದೃಶ್ಯವಿದು: ಒಂದು ಕಡೆ ಬೆಳಿಗ್ಗೆ 8 ಗಂಟೆಗೆ ಫೋನ್ ಲೈನು ತೆರೆಯುವುದನ್ನೇ ಕಾಯುತ್ತ ಅಪಾಯಿಂಟ್‌ಮೆಂಟಿಗೆ ಮುಗಿಬೀಳುವ ರೋಗಿಗಳು, ಇನ್ನೊಂದು ಕಡೆ ಹತ್ತು ವರ್ಷ ಓದಿ ಮುಗಿಸಿ ಕೆಲಸ ಸಿಗದೆ ಅಲೆಯುವ ಫ್ಯಾಮಿಲಿ ಡಾಕ್ಟರು, ನಡುವೆ ದುಡ್ಡಿನ ಪೆಟ್ಟಿಗೆ, ಅದರ ಮೇಲೆ 'ಡಾಕ್ಟರಿಗೆ ಪ್ರವೇಶವಿಲ್ಲ' ಎಂಬ ಫಲಕ. ಆ ವರ್ಷದ ಅಕ್ಟೋಬರಿನಲ್ಲಿ ಷರತ್ತು ಸಡಿಲಿಸಿ, 8 ಕೋಟಿ 20 ಲಕ್ಷ ಪೌಂಡ್ ತೆಗೆದಿಟ್ಟು, ಹೊಸದಾಗಿ ತರಬೇತಿ ಮುಗಿಸಿದ ಸಾವಿರ ಡಾಕ್ಟರನ್ನು ಸೇರಿಸಿಕೊಳ್ಳಬಹುದು ಎಂದರು. ಚಿಕಿತ್ಸಾಲಯಕ್ಕೆ ಡಾಕ್ಟರು ಬೇಕು ಎಂಬ ಈ ಕ್ರಾಂತಿಕಾರಿ ಚಿಂತನೆಗೆ ಐದು ವರ್ಷ ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆವು. ಇಲ್ಲಿ ಬರೆ ಹಾಕುವವನನ್ನೇ ಕೊಟ್ಟಿಗೆಯ ಹೊರಗೆ ನಿಲ್ಲಿಸಿದ್ದರು.

ಒಬ್ಬರು ಬಿಟ್ಟುಹೋದರೆ ಏನಾಗುತ್ತದೆ ಎಂಬ ಲೆಕ್ಕ ಯಾವ ನೇಮಕಾತಿ ಕಡತದಲ್ಲೂ ಕಾಣುವುದಿಲ್ಲ. ನಾಲ್ವರು ಡಾಕ್ಟರು, ತಲಾ 2000 ಜನ, ಒಟ್ಟು 8000. ಒಬ್ಬರು ರಾಜೀನಾಮೆ ಕೊಟ್ಟರು. ಜನ ಅಲ್ಲೇ ಇದ್ದಾರೆ, ಉಳಿದ ಮೂವರಿಗೆ ತಲಾ 2667. ಈ ಭಾರಕ್ಕೆ ಇನ್ನೊಬ್ಬರು ಸುಸ್ತಾದರೆ ತಲಾ 4000. ಮೊದಲನೆಯವರು ಹೋದದ್ದು ಬೇಸತ್ತು, ಎರಡನೆಯವರು ಹೋದದ್ದು ಮೊದಲನೆಯವರು ಹೋದದ್ದಕ್ಕೆ. ಇಲಾಖೆ ಎಚ್ಚರಗೊಳ್ಳುವುದು ಮೂರನೆಯವರ ಬೀಳ್ಕೊಡುಗೆಯಲ್ಲಿ. ಖಾಲಿ ಕುರ್ಚಿಗೆ ದಿನಗೂಲಿ ಲೆಕ್ಕದಲ್ಲಿ ಬದಲಿ ಡಾಕ್ಟರು ಬರುತ್ತಾರೆ. ಅವರು ಫೈಲನ್ನು ಮೊದಲ ಪುಟದಿಂದ ಓದಬೇಕು, ಗುರುತಿಲ್ಲದ ರೋಗಿಯಾದ್ದರಿಂದ ಯಾವುದಕ್ಕೂ ಇರಲಿ ಎಂದು ಒಂದು ಪರೀಕ್ಷೆ ಹೆಚ್ಚು ಬರೆಯುತ್ತಾರೆ, ಇನ್ನೂ ಅನುಮಾನವಿದ್ದರೆ ದೊಡ್ಡಾಸ್ಪತ್ರೆಗೆ ರೆಫರ್ ಮಾಡುತ್ತಾರೆ. ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಅವರೂ ಇರುವುದಿಲ್ಲ. ಅದು ಉಳಿದವರ ಮೇಜಿಗೆ ಬೀಳುತ್ತದೆ.

ಗುರುತಿನ ಬೆಲೆಯನ್ನು ನಾರ್ವೆಯವರು ಅಳೆದಿದ್ದಾರೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದೇ ಡಾಕ್ಟರ ಬಳಿ 15 ವರ್ಷ ಮೀರಿ ಇದ್ದವರಲ್ಲಿ, ಒಂದೇ ವರ್ಷದ ಪರಿಚಯದವರಿಗೆ ಹೋಲಿಸಿದರೆ, ಅವೇಳೆಯಲ್ಲಿ ಚಿಕಿತ್ಸೆ ಬೇಕಾಗುವ ಸಂಭವ ಸುಮಾರು 30%, ತುರ್ತಾಗಿ ಆಸ್ಪತ್ರೆ ಸೇರುವ ಸಂಭವ 28%, ಸಾವಿನ ಸಂಭವ 25% ಕಡಿಮೆ. ಇದೊಂದು ಮಾತ್ರೆಯಾಗಿದ್ದರೆ ಇಷ್ಟು ಹೊತ್ತಿಗೆ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಮೂರು ವರ್ಷದ ಬಾಂಡ್ ಬರೆಸುವವರು ಈ ಹದಿನೈದನ್ನು ಎಲ್ಲಿಂದ ತರುತ್ತಾರೋ ಗೊತ್ತಿಲ್ಲ.

2025ರ ಜನವರಿಯಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್ಟನ್ ಎಂಬಲ್ಲಿ, ಹೊಸ ಡಾಕ್ಟರೊಬ್ಬರು ಮೊದಲು ಬಂದ 500 ಜನರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆಂಬ ಸುದ್ದಿ ಕೇಳಿ ಸಾವಿರಕ್ಕೂ ಹೆಚ್ಚು ಜನ ಹಿಮದಲ್ಲಿ ಸಾಲುಗಟ್ಟಿದರು. ಆ ಚಳಿಯಲ್ಲಿ ಅಷ್ಟು ಹೊತ್ತು ನಿಲ್ಲಲು ಗಟ್ಟಿ ಆರೋಗ್ಯ ಬೇಕು. ಅದಿಲ್ಲದವರು ಸಾಲಿಗೇ ಬಂದಿರಲಾರರು.

ಹೀಗಾಗಿ ನಮ್ಮ ಕೋರಿಕೆಯನ್ನು ಮತ್ತೆ ಮಂಡಿಸುತ್ತೇವೆ. ಇದಕ್ಕೆ ಹಣಕಾಸು ಇಲಾಖೆಯ ಆಕ್ಷೇಪ ಬರಲಾರದು, ಖರ್ಚಿಲ್ಲ. ತಾಂತ್ರಿಕವಾಗಿಯೂ ಅಡ್ಡಿಯಿಲ್ಲ. ಚಂದ್ರನ ಸೆಳೆತದಿಂದ ಭೂಮಿ ತಿರುಗುವ ವೇಗ ಕುಂದುತ್ತಲೇ ಇದೆ. ದಿನ ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. ಕೊರತೆ ಬಿದ್ದಿರುವ 2.7 ಗಂಟೆ ಅಂದರೆ 9720 ಸೆಕೆಂಡ್. ಇದೇ ವೇಗದಲ್ಲಿ ಸಾಗಿದರೆ ಸುಮಾರು 49 ಕೋಟಿ ವರ್ಷದಲ್ಲಿ ತಾನಾಗಿಯೇ ತುಂಬುತ್ತದೆ. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವನ್ನು ಅಲ್ಲಿಯವರೆಗೆ ವಿಸ್ತರಿಸಲಾಗಿದೆ.