ಎಲ್‌ಎಲ್‌ಸಿ ಹೆಸರಿನ ಬಾಡಿಗೆ ಮನೆಗೆ ರೀಫೈನಾನ್ಸ್: ಒಂದು ಸ್ಪಷ್ಟನೆ

"ಬಾಡಿಗೆ ಮನೆಯನ್ನು ಎಲ್‌ಎಲ್‌ಸಿಗೆ ಬರೆದುಬಿಡಿ, ಕಂಪನಿ ಹೆಸರಲ್ಲೇ ಮಾಮೂಲಿ 30 ವರ್ಷದ ಸಾಲಕ್ಕೆ ರೀಫೈನಾನ್ಸ್ ಮಾಡಿಸಿ. ಕಂತು ತಪ್ಪಿದರೂ ನಿಮ್ಮ ತಲೆಗೆ ಬರಲ್ಲ." ಅಮೆರಿಕದಲ್ಲಿ ಮನೆ ಕೊಂಡಿರುವ ನಮ್ಮವರ ನಡುವೆ ಓಡಾಡುತ್ತಿರುವ ಮಾತಿದು. ಸರಿಯಲ್ಲ. (ಎಲ್‌ಎಲ್‌ಸಿ ಅಂದರೆ ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ; ರೀಫೈನಾನ್ಸ್ ಅಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುವುದು.)

ಸಾಲ ಕೊಟ್ಟವರಿಂದ ಮನೆ ಸಾಲಗಳನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಮಾಮೂಲಿ ಸಾಲ ಸಿಗುವುದು ವ್ಯಕ್ತಿಗೆ, ಕಂಪನಿಗಲ್ಲ. ಹಾಗಾಗಿ ಹಲವರು ಮನೆಯನ್ನು ಮತ್ತೆ ಸ್ವಂತ ಹೆಸರಿಗೆ ಮಾಡಿಕೊಂಡು ರೀಫೈನಾನ್ಸ್ ಮಾಡಿಸುತ್ತಾರೆ. ತೊಡಕು ಆಮೇಲಿನದು. ಮತ್ತೆ ಎಲ್‌ಎಲ್‌ಸಿಗೆ ವರ್ಗಾಯಿಸಿದರೆ, ಪೂರ್ತಿ ಸಾಲ ಈಗಲೇ ಕಟ್ಟಿ ಎನ್ನುವ ಹಕ್ಕು ಸಾಲಕೊಟ್ಟವರಿಗೆ ಬರಬಹುದು. 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆ ಕೆಲವು ಟ್ರಸ್ಟ್‌ಗಳಿಗೆ ರಕ್ಷಣೆ ಕೊಡುತ್ತದೆ, ಎಲ್‌ಎಲ್‌ಸಿಗೆ ಕೊಡುವುದಿಲ್ಲ. ಫ್ಯಾನಿ ಮೇ 2016ರ ಜೂನ್ 1ರಿಂದೀಚೆಗೆ ಕೊಂಡ ಸಾಲಗಳಿಗೆ ಷರತ್ತಿನ ವಿನಾಯಿತಿ ಇದೆ: ಎಲ್‌ಎಲ್‌ಸಿ ಸಾಲಗಾರರದೇ ಹಿಡಿತದಲ್ಲಿರಬೇಕು. ವರ್ಗಾಯಿಸುವ ಮೊದಲೇ ಸಾಲದ ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ "ಪರವಾಗಿಲ್ಲ" ಅಂದದ್ದು ಲೆಕ್ಕಕ್ಕಿಲ್ಲ.

ಎಲ್‌ಎಲ್‌ಸಿಗೇ ಸಿಗುವ ಸಾಲವೂ ಇದೆ, ಡಿಎಸ್‌ಸಿಆರ್ (ಕಂತಿಗೆ ಹೋಲಿಸಿದರೆ ಬಾಡಿಗೆ ಎಷ್ಟು ಎಂಬ ಅನುಪಾತ) ಅಂತ. ಅಲ್ಲಿ ನಿಮ್ಮ ಸಂಬಳಕ್ಕಿಂತ ಬಾಡಿಗೆ ಮುಖ್ಯ. ತೆರಿಗೆ, ವಿಮೆ ಸೇರಿ ತಿಂಗಳ ಕಂತು 2,000 ಡಾಲರ್, ಬಾಡಿಗೆ 2,400 ಆದರೆ ಅನುಪಾತ 1.2. ಬಡ್ಡಿ ಸಾಮಾನ್ಯವಾಗಿ ಹೆಚ್ಚು, ಅವಧಿಗೆ ಮೊದಲೇ ತೀರಿಸಿದರೆ ದಂಡವೂ ಇರಬಹುದು. ಬಹುತೇಕ ಕಡೆ ವೈಯಕ್ತಿಕ ಜಾಮೀನಿಗೆ ಸಹಿ ಕೇಳುತ್ತಾರೆ. ಹಾಕಿದಿರೋ, ಸಾಲ ನಿಮ್ಮ ತಲೆಗೇ. ಬಾಡಿಗೆದಾರ ಮೆಟ್ಟಿಲಲ್ಲಿ ಜಾರಿ ಬಿದ್ದು ಕೇಸು ಹಾಕಿದಾಗ ಎಲ್‌ಎಲ್‌ಸಿ ನಿಮ್ಮನ್ನು ಕಾಪಾಡೀತು, ನೀವೇ ಸಹಿ ಮಾಡಿದ ಜಾಮೀನಿನಿಂದ ಕಾಪಾಡದು.