ಶೇಕ್‌ಹ್ಯಾಂಡ್ ಕೊಟ್ಟ ಮಾತ್ರಕ್ಕೆ ಥೆರಪಿ ನಾಯಿ ಆಗುವುದಿಲ್ಲ ಮಾರಾಯ್ರೆ

ಮಂಗಳೂರಲ್ಲಿ ನಾಯಿ ಸಾಕಿದವರು ಈಗೀಗ ಒಂದು ಪ್ರಶ್ನೆ ಕೇಳುತ್ತಾರೆ. "ನಮ್ಮದು ತುಂಬಾ ಪಾಪ, ಯಾರು ಮುಟ್ಟಿದರೂ ಏನೂ ಮಾಡುವುದಿಲ್ಲ. ವೃದ್ಧಾಶ್ರಮಕ್ಕೆ ಕರ್ಕೊಂಡು ಹೋಗಬಹುದಾ?" ಹೀಗೆ ವೃದ್ಧಾಶ್ರಮ, ಆಸ್ಪತ್ರೆಗಳಿಗೆ ಹೋಗಿ ಅಲ್ಲಿದ್ದವರಿಗೆ ಸಮಾಧಾನ ಕೊಡುವ ನಾಯಿಗೇ ಥೆರಪಿ ನಾಯಿ ಅನ್ನುವುದು. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಮನೆಯ ಸೋಫಾದಲ್ಲಿ ಪಾಪ ಇರುವುದಕ್ಕೂ, ಫಿನಾಯಿಲ್ ವಾಸನೆಯ ಕೋಣೆಯಲ್ಲಿ ಗುರುತಿಲ್ಲದ ಅಜ್ಜಿ ಕಿವಿ ಹಿಡಿದೆಳೆದಾಗ ಪಾಪ ಇರುವುದಕ್ಕೂ ತುಂಬಾ ವ್ಯತ್ಯಾಸ ಉಂಟು.

ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಶುರು ಮಾಡಿದ 'ಕೆನೈನ್ ಗುಡ್ ಸಿಟಿಜನ್' ಪರೀಕ್ಷೆಯಲ್ಲಿ 10 ಭಾಗ. ಅಪರಿಚಿತರು ಬಂದರೆ ಮೈಮೇಲೆ ಹಾರಬಾರದು. ಹಗ್ಗ ಜಗ್ಗದೆ ನಡೆಯಬೇಕು. ಇನ್ನೊಂದು ನಾಯಿ ಕಂಡರೆ ಸುಮ್ಮನಿರಬೇಕು. ಮನೆಯವರು ಕಣ್ಣಿಂದ ಮರೆಯಾದರೂ 3 ನಿಮಿಷ ಬೇರೆಯವರ ಜೊತೆ ಇರಬೇಕು. ಬಿಸ್ಕೆಟ್ ತೋರಿಸಿ ಮಾಡಿಸುವ ಹಾಗಿಲ್ಲ. ಇಷ್ಟಾದರೆ ನಾಯಿಗೆ ಮರ್ಯಾದೆ ಗೊತ್ತು ಅಂತ ಆಯ್ತು, ಅಷ್ಟೇ. ಥೆರಪಿ ನಾಯಿಗಳನ್ನು ಪರೀಕ್ಷಿಸಿ ನೋಂದಾಯಿಸುವ ಅಮೆರಿಕದ 'ಪೆಟ್ ಪಾರ್ಟ್ನರ್ಸ್'ನಂಥ ಸಂಸ್ಥೆಗಳು ಇನ್ನೂ ಮುಂದೆ ಹೋಗುತ್ತವೆ. ಅವರ ಪರೀಕ್ಷೆಯಲ್ಲಿ ಬೇಕೆಂದೇ ಒಬ್ಬರು ಒರಟಾಗಿ ತಬ್ಬಿಕೊಳ್ಳುತ್ತಾರೆ, ಒಬ್ಬರು ಜೋಲಿ ಹೊಡೆಯುತ್ತಾ ಬರುತ್ತಾರೆ, ಇಬ್ಬರು ಜೋರಾಗಿ ಜಗಳ ಆಡುತ್ತಾರೆ, ನಾಲ್ಕೈದು ಜನ ಒಟ್ಟಿಗೆ ಮುತ್ತಿಕೊಂಡು ಸವರುತ್ತಾರೆ.

ಬೆಚ್ಚಿಬಿದ್ದರೆ ಫೇಲ್ ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹಿಂದೆ ಸ್ಟೀಲ್ ಪಾತ್ರೆ ಬಿದ್ದರೆ ನಾವೂ ಬೆಚ್ಚುತ್ತೇವೆ, ಅಲ್ವಾ? ನೋಡಬೇಕಾದ್ದು ಆಮೇಲಿನದ್ದು. ಒಮ್ಮೆ ಮೈ ಕೊಡವಿ, ತಿರುಗಿ ನೋಡಿ, ಅದಾಗಿಯೇ ಮತ್ತೆ ಜನರ ಹತ್ತಿರ ಬಂತಾ? ಹಾಗಾದರೆ ಒಳ್ಳೆಯ ನಾಯಿ. ಮೂಲೆ ಸೇರಿ ಬಾಲ ಮಡಚಿ ಐದು ನಿಮಿಷವಾದರೂ ಬರದಿದ್ದರೆ, ಎಷ್ಟು ಚಂದ ಶೇಕ್‌ಹ್ಯಾಂಡ್ ಕೊಟ್ಟರೂ ಈ ಕೆಲಸ ಅದಕ್ಕೆ ಬೇಡ.

ನನಗೆ ಜಾಸ್ತಿ ಹೆದರಿಕೆ ಕಲ್ಲಿನ ಹಾಗೆ ಕೂತ ನಾಯಿಯದ್ದು. ನೋಡಿದವರು "ಎಷ್ಟು ಶಾಂತ!" ಅಂತಾರೆ, ಫೋಟೋ ತೆಗೀತಾರೆ. ಆ ಫೋಟೋವನ್ನೇ ಸ್ವಲ್ಪ ದೊಡ್ಡದು ಮಾಡಿ ನೋಡಿ. ಬಾಯಿ ಬಿಗಿ, ಮುಖ ಆಚೆ ತಿರುಗಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ನಿದ್ದೆ ಇಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ತುಟಿ ನೆಕ್ಕುವುದು ಕೂಡ "ನನಗೆ ಸಾಕು" ಅನ್ನುವುದರ ಲಕ್ಷಣವೇ. ಗುರ್ ಅಂದಾಗೆಲ್ಲ ಬೈದು ಬೆಳೆಸಿದ ನಾಯಿ ಇನ್ನೂ ಅಪಾಯ. ಎಚ್ಚರಿಕೆ ಕೊಡುವುದನ್ನೇ ಬಿಟ್ಟ ನಾಯಿ ಸೀದಾ ಕಚ್ಚಬಹುದು.

ವಿದೇಶದ ಪರೀಕ್ಷೆಯನ್ನು ಹಾಗೆಯೇ ಇಲ್ಲಿ ತಂದಿಟ್ಟರೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಎದುರಿಗೆ ಬರುವುದು ಹಗ್ಗ ಕಟ್ಟಿದ ಸಭ್ಯ ನಾಯಿ. ನಮ್ಮಲ್ಲಿ ಗೇಟಿನ ಹೊರಗೆ ಬೀದಿಯ ಗ್ಯಾಂಗೇ ಕಾದಿರುತ್ತದೆ! ಅಲ್ಲಿ ನೆಲದ ಮೇಲಿನ ತಿಂಡಿ ಬಿಡಬೇಕು. ಇಲ್ಲಿ ಊಟದ ಹೊತ್ತಿಗೆ ಹೋದರೆ ಬಂಗುಡೆ ಮೀನಿನ ಮುಳ್ಳು ಬಿಡಬೇಕು, ಅದು ಬೇರೆಯೇ ಲೆವೆಲ್. ನವರಾತ್ರಿಗೆ ಪಿಲಿವೇಷದ (ಹುಲಿವೇಷದ) ತಾಸೆ ವಾದ್ಯದ ಸದ್ದು, ದೀಪಾವಳಿಯ ಪಟಾಕಿ, ಮಳೆಗಾಲದಲ್ಲಿ ಜಾರುವ ಒದ್ದೆ ಟೈಲ್ಸ್, ಎಲ್ಲವೂ ಲೆಕ್ಕಕ್ಕೆ ಬರಬೇಕು. ಭಾನುವಾರ ಸಂಜೆ ತಣ್ಣೀರುಬಾವಿ ಬೀಚಿನ ಗದ್ದಲದ ಅಂಚಿನಲ್ಲಿ ನಿಮ್ಮ ನಾಯಿ ಹೇಗಿರುತ್ತದೆ ಅಂತ ದೂರದಿಂದಲೇ ನೋಡಿ. ತುಂಬಾ ವಿಷಯ ಗೊತ್ತಾಗುತ್ತದೆ.

ಪರೀಕ್ಷೆ ನಾಯಿಗೆ ಮಾತ್ರ ಅಲ್ಲ, ಹಗ್ಗ ಹಿಡಿದವರಿಗೂ ಹೌದು. ಅದು ಮುಖ ತಿರುಗಿಸಿದ್ದು ನಿಮಗೆ ಕಂಡಿತಾ? ಕಂಡ ಮೇಲೆ "ಸಾಕು, ಇವನಿಗೆ ಸುಸ್ತಾಯ್ತು" ಅಂತ ಎದುರಿದ್ದವರಿಗೆ ಹೇಳುವ ಧೈರ್ಯ ಉಂಟಾ? ಎಷ್ಟೋ ಜನ ದಾಕ್ಷಿಣ್ಯಕ್ಕೆ ನಾಯಿಯನ್ನು ಮತ್ತೆ ಮುಂದೆ ತಳ್ಳುತ್ತಾರೆ. ಪೆಟ್ ಪಾರ್ಟ್ನರ್ಸ್‌ನಲ್ಲಿ ಒಮ್ಮೆ ಪಾಸಾದರೆ ಮುಗಿಯಲಿಲ್ಲ, 2 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ವಯಸ್ಸಾದ ಹಾಗೆ ನಾಯಿಗೂ ಸೊಂಟ ನೋವು, ಸಿಡುಕು ಬರುತ್ತದೆ ನೋಡಿ.

ಮರಿ ತಂದವರು ಗಡಿಬಿಡಿ ಮಾಡಬೇಡಿ. ನಾಯಿಗೆ 1 ವರ್ಷ ತುಂಬಲಿ, ಸ್ವಭಾವ ಗಟ್ಟಿಯಾಗಲಿ. ರೇಬೀಸ್ ಲಸಿಕೆಯ ಕಾರ್ಡು ಇಲ್ಲದೆ ಮಾತ್ರ ಯಾರ ಬಾಗಿಲಿಗೂ ಹೋಗಬೇಡಿ.